ಗೋಡೆ ಬಿರಿದರೆ ಯಾರ ಕಾಲ್ಗುಣ?

ನಮ್ಮ ಕಡೆ ಹೊಸ ಮನೆಯ ಗೋಡೆ ಬಿರುಕು ಬಿಟ್ಟರೆ ಜನ ಮೊದಲು ನೋಡುವುದು ಆ ಮನೆಯ ಹೆಂಗಸರ ಮುಖವನ್ನು. ಗೋಡೆಯನ್ನು ನೋಡುವುದು ಆಮೇಲೆ. ಗೋಡೆಯ ಕೆಳಗಿನ ಮಣ್ಣನ್ನಂತೂ ಯಾರೂ ನೋಡುವುದೇ ಇಲ್ಲ. ಈ ಮಾತನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ; ಇಳಿಯಬೇಕೆಂದು ನನಗೆ ಅನಿಸಿಯೂ ಇಲ್ಲ.

ಗದಗಿನ ಅಂಚಿನಲ್ಲಿ, ಹಿಂದೆ ಹತ್ತಿ, ಕಡಲೆ ಬೆಳೆಯುತ್ತಿದ್ದ ಎರೆಹೊಲವೊಂದು ಬಡಾವಣೆಯಾದಾಗ ಅದರಲ್ಲೊಂದು ಮೂವತ್ತು-ನಲವತ್ತರ ನಿವೇಶನ ಕೊಂಡೆವು. ನಿವೇಶನ ನನ್ನ ಹೆಸರಿನಲ್ಲಿ, ಸಾಲ ನನ್ನ ಸಂಬಳದ ಮೇಲೆ. 2018ರ ಫೆಬ್ರವರಿಯಲ್ಲಿ ಪಾಯ ತೆಗೆಸಿದೆವು. ಮರುವರ್ಷ ಅದೇ ತಿಂಗಳು ವಾಸ್ತುಶಾಂತಿ, ಮೇ ತಿಂಗಳಲ್ಲಿ ಮಗನ ಮದುವೆ. ಹಿಂಗಾರು ಕೈಕೊಟ್ಟು ನೆಲ ಕಾದ ಹಂಚಿನಂತಾಗಿತ್ತು. ಆಮೇಲೆ 2019ರ ಆಗಸ್ಟಿನ ಮಳೆ ಬಂತು. ಮಲಪ್ರಭೆ ತುಂಬಿ ನರಗುಂದ, ರೋಣದ ಕಡೆಯ ಊರುಗಳಿಗೆ ನೀರು ನುಗ್ಗಿದ ಆ ವರ್ಷವನ್ನು ನಮ್ಮ ಭಾಗದವರು ಮರೆಯುವ ಹಾಗಿಲ್ಲ. ದಸರೆಯ ಹೊತ್ತಿಗೆ ನಮ್ಮ ಈಶಾನ್ಯದ ಕೋಣೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಒಂದು ಗೆರೆ ಎದ್ದಿತು. ಮೊದಲು ಕೂದಲೆಳೆಯಷ್ಟಿತ್ತು. ದೀಪಾವಳಿಗೆ ಅದರೊಳಗೆ ಅಂಚೆಕಾರ್ಡು ತೂರುತ್ತಿತ್ತು. ಕೋಣೆಯ ಬಾಗಿಲು ಚೌಕಟ್ಟಿಗೆ ಹಿಡಿಯತೊಡಗಿತು.

ದೀಪಾವಳಿಗೆ ಬಂದಿದ್ದ ನಾದಿನಿ ಗೋಡೆಯ ಮುಂದೆ ನಿಂತು, "ವೈನಿ, ಸೊಸಿ ಮನಿ ತುಂಬಿ ಆರು ತಿಂಗಳಾಗಿಲ್ಲ, ಗ್ವಾಡಿ ಬಾಯಿ ತಗದಾವ. ಯಾರಿಗರ ತೋರಿಸ್ರಿ" ಅಂದರು. ದನಿಯಲ್ಲಿ ಕೆಡುಕಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕೆರಳಿಸಿದ್ದು. ಒಬ್ಬ ಹುಡುಗಿಯ ಮೇಲೆ ಇಡೀ ಮನೆಯ ಕೇಡನ್ನು ಹೊರಿಸುವ ಮಾತನ್ನು ನಾವು ಹೆಂಗಸರೇ ಚಹಾ ಕುಡಿಯುತ್ತ, ಕಾಳಜಿಯ ದನಿಯಲ್ಲಿ ಆಡಿಬಿಡುತ್ತೇವೆ. ಸೊಸೆ ಒಳಗೆ ಚಹಾ ಸೋಸುತ್ತಿದ್ದಳು. ಅವಳಿಗೆ ಕೇಳಿಸಿತು. ಅಂದಿನಿಂದ ಆ ಕೋಣೆಗೆ ಕಸ ಗುಡಿಸಲೂ ಹೋಗಲು ಹಿಂಜರಿಯುತ್ತಿದ್ದಳು. ಒಂದು ರಾತ್ರಿ, "ಅತ್ತಿ, ನಾ ಸ್ವಲ್ಪ ದಿನ ತವರಿಗೆ ಹೋಗಿರ್ಲೇನ್ರಿ?" ಎಂದು ಕೇಳಿದಳು. ಅವಳನ್ನು ಕಳಿಸಿದ್ದರೆ ಬಿರುಕು ಕೂಡುತ್ತದೆಂದು ನಂಬುವವರು ನಮ್ಮ ಬಳಗದಲ್ಲಿ ಹತ್ತು ಮಂದಿಯಾದರೂ ಇದ್ದರು.

ವಿಚಿತ್ರ ನೋಡಿ, ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ನಾನು ಎಷ್ಟೋ ವರ್ಷಗಳಿಂದ ಕಪ್ಪು ಮಣ್ಣಿನ ಪಾಠ ಮಾಡುತ್ತ ಬಂದವಳು. ಹತ್ತಿಗೆ ಯೋಗ್ಯ, ತೇವ ಹಿಡಿದಿಡುತ್ತದೆ, ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಆಳವಾಗಿ ಬಿರಿಯುತ್ತದೆ, ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎಂದು ಬಾಯಿಪಾಠ ಮಾಡಿಸಿದವಳು. ತನ್ನನ್ನು ತಾನೇ ಉತ್ತುಕೊಳ್ಳುವ ನೆಲ ತನ್ನ ಮೇಲಿನ ಮನೆಯನ್ನು ಸುಮ್ಮನೆ ಬಿಡುವುದೆ? ಈ ಪ್ರಶ್ನೆ ಪಾಯ ತೆಗೆಯುವಾಗ ನನಗೆ ಹೊಳೆಯಲಿಲ್ಲ. ಪಾಠವನ್ನು ಪರೀಕ್ಷೆಗೆಂದು ಕಲಿಸುವವರ ಹಣೆಬರಹವೇ ಇಷ್ಟು.

ಪೂರ್ತಿ ಹೊಳೆಯಲಿಲ್ಲ ಎಂದರೂ ತಪ್ಪು. ಒಂದು ಸಲ ಕೇಳಿದ್ದೆ. ಮೂರಡಿ ತೋಡಿ ನಿಲ್ಲಿಸಿದಾಗ, ಇಷ್ಟು ಸಾಕೇ ಎಂದು ಗುತ್ತಿಗೆದಾರರನ್ನು ಕೇಳಿದೆ. ಅವರು ನನ್ನ ಯಜಮಾನರ ಕಡೆ ನೋಡಿ ನಕ್ಕು, "ಅದನ್ನ ಸರ್ ಜೋಡಿ ಮಾತಾಡೇನ್ರಿ ಅಕ್ಕೋರ. ಅಡಗಿಮನಿ ಕಟ್ಟಿ ಎಷ್ಟು ಎತ್ತರ ಬೇಕು, ನೀವು ಅದನ್ನ ಹೇಳ್ರಿ" ಅಂದರು. ನಾನು ಕಟ್ಟೆಯ ಎತ್ತರ ಹೇಳಿದೆ. ಕಟ್ಟೆಯ ಕಲ್ಲು, ಟೈಲ್ಸಿನ ಬಣ್ಣ, ದೇವರ ಕೋಣೆಯ ಬಾಗಿಲ ಗಂಟೆ, ಇವೆಲ್ಲವನ್ನೂ ನನ್ನನ್ನು ಕೇಳಿಯೇ ಮಾಡಿದರು. ಆಳ ಮಾತ್ರ ಗಂಡಸರ ವಿಷಯವಾಯಿತು. ಯಜಮಾನರಿಗೂ ಆ ಆಳದ ಬಗ್ಗೆ ಏನೂ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು. ಸಾಲದ ಕಂತು ತುಂಬುವವಳಿಗೆ ಪಾಯದ ಅಳತೆ ಕೇಳುವ ಹಕ್ಕಿಲ್ಲ. ಆದರೆ ಪಾಯ ಕೆಟ್ಟರೆ ಅದೇ ಮನೆಯ ಹೆಣ್ಣಿನ ಕಾಲ್ಗುಣಕ್ಕೆ ಜವಾಬ್ದಾರಿ ಉಂಟು. ಯಾವ ಊರಿನ ನ್ಯಾಯ ಇದು?

ಬಿರುಕು ತೋರಿಸಿದಾಗ ಅವರ ಉತ್ತರ ಇನ್ನೂ ಚೆನ್ನಾಗಿತ್ತು. "ಎರಿ ಭೂಮಿ ಅಂದಮ್ಯಾಲ ಬಿರುಕು ಬಿಡೂದ ಅಕ್ಕೋರ. ಒಂದ್ ಕೋಟ್ ಪುಟ್ಟಿ ಹೊಡಸ್ರಿ, ಯಾರಿಗೂ ಕಾಣೂದಿಲ್ಲ." ಎರೆ ಭೂಮಿ ಎಂದು ಅವರಿಗೆ ಮೊದಲೇ ಗೊತ್ತಿತ್ತಲ್ಲವೆ? ಗೊತ್ತಿದ್ದೂ ಮೂರಡಿಗೆ ನಿಲ್ಲಿಸಿದ್ದೇಕೆ?

ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿ ನನಗೊಂದು ಪರೀಕ್ಷೆ ಹೇಳಿಕೊಟ್ಟರು. ಹಿತ್ತಿಲ ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿಯಲ್ಲಿ ಹಿಡಿದು, ಹತ್ತು ಹತ್ತು ಗ್ರಾಂ ತೂಗಿ ನೂರು ಮಿಲಿಯ ಎರಡು ಅಳತೆ ಜಾಡಿಗಳಿಗೆ ಹಾಕಿದೆವು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಗೆ ಈ ಮಣ್ಣು ಉಬ್ಬುವುದಿಲ್ಲ. ಮರುದಿನ ನೋಡಿದರೆ ಸೀಮೆಎಣ್ಣೆಯಲ್ಲಿ ಮಣ್ಣು ಹತ್ತರ ಗೆರೆಯಲ್ಲಿ ಕೂತಿತ್ತು, ನೀರಿನದು ನೆನೆಹಾಕಿದ ಸಾಬುದಾಣಿಯ ಹಾಗೆ ಉಬ್ಬಿ ಹತ್ತೊಂಬತ್ತಕ್ಕೆ ಏರಿತ್ತು. ನೂರಕ್ಕೆ ತೊಂಬತ್ತು ಉಬ್ಬು! ಐವತ್ತು ದಾಟಿದರೇ ಎಚ್ಚರಿಕೆ ಬೇಕೆನ್ನುತ್ತಾರೆ. ಇದು ಭಾರತೀಯ ಮಾನಕದಲ್ಲಿ 1977ರಿಂದಲೇ ಬರೆದಿಟ್ಟಿರುವ ಪರೀಕ್ಷೆ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಒಂದು ದಿನದಲ್ಲಿ ಮುಗಿಯುವಂಥದು. ಖರ್ಚು, ಒಂದು ಲೋಟ ಸೀಮೆಎಣ್ಣೆ. ನಮ್ಮ ಮನೆಗೆ ಕೈಹಾಕಿದ ಯಾರೂ ಇದನ್ನು ಮಾಡಿರಲಿಲ್ಲ. ಮುಹೂರ್ತಕ್ಕೆ ಮಾತ್ರ ಮೂರು ಪಂಚಾಂಗ ನೋಡಿದ್ದೆವು.

ಉಪಾಯಗಳೂ ಹೊಸವಲ್ಲ. ನಮ್ಮ ದೇಶದ ಎರೆಮಣ್ಣಿನಲ್ಲಿ ಮಳೆ-ಬಿಸಿಲಿಗೆ ನೆಲ ಏರಿಳಿಯುವುದು ಸುಮಾರು ಮೂರೂವರೆ ಮೀಟರ್ ಆಳದವರೆಗೆ. ಅದರಿಂದಾಚೆ ಇಳಿಯುವಂತೆ, ಬುಡದಲ್ಲಿ ಬಲ್ಬಿನ ಹಾಗೆ ದಪ್ಪವಾಗುವ ಕಾಂಕ್ರೀಟು ಕಂಬಗಳನ್ನು ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ದಶಕಗಳ ಹಿಂದೆಯೇ ರೂಪಿಸಿದರು. ಉಬ್ಬದ ಮಣ್ಣಿನ ಒಂದು ಪದರವನ್ನು ಎರೆಯ ಮೇಲೆ ಹಾಸಿ ಅದರ ಉಬ್ಬನ್ನು ತಡೆಯುವ ವಿಧಾನವನ್ನು ಮುಂಬಯಿ ಐಐಟಿಯ ಪ್ರೊಫೆಸರ್ ಆರ್.ಕೆ. ಕಟ್ಟಿಯವರು ತೋರಿಸಿಕೊಟ್ಟರು. ಎರೆ ತೆಳುವಿದ್ದಲ್ಲಿ ಅದನ್ನು ದಾಟಿ ಗಟ್ಟಿ ಗರಸಿಗೆ ಪಾಯ ಮುಟ್ಟಿಸುವುದಂತೂ ಹಳೇ ಗೌಂಡಿಗಳಿಗೂ ಗೊತ್ತಿತ್ತು. ನಮ್ಮ ಸಾಲಿನಲ್ಲಿ ಆರಡಿಗೆ ಗರಸು ಸಿಗುತ್ತದೆಂದು ಪಕ್ಕದವರು ನೀರಿನ ಸಂಪು ತೋಡಿಸಿದಾಗ ಕಣ್ಣಾರೆ ಕಂಡೆ. ಇನ್ನು ಮೂರಡಿ ಅಗೆಯುವ ದುಡ್ಡು ನಮ್ಮಲ್ಲಿರಲಿಲ್ಲವೆ? ಪಡಸಾಲೆಯ ಮೇಲ್ಛಾವಣಿಗೆ ಪಿಓಪಿ ಹೂವು ಮಾಡಿಸಲು ಇತ್ತು. ಸಾಗವಾನಿ ಬಾಗಿಲಿಗೆ ಗಜಲಕ್ಷ್ಮಿ ಕೆತ್ತಿಸಲು ಇತ್ತು. ನೆಲದೊಳಗೆ ಹೂತದ್ದು ಬೀಗರ ಕಣ್ಣಿಗೆ ಬೀಳುವುದಿಲ್ಲವಲ್ಲ.

ಬಳಗದವರ ಒತ್ತಾಯಕ್ಕೆ ವಾಸ್ತು ಹೇಳುವವರೂ ಬಂದುಹೋದರು. ಪಶ್ಚಿಮದ ಕಿಟಕಿ ಮುಚ್ಚಿಸಿ ಅಂದರು. ಈಶಾನ್ಯದಲ್ಲಿ ಗೋಡೆಗೆ ಒತ್ತಿಯೇ ನೀರಿನ ಸಂಪು ಇರಲಿ ಎಂದು ಕಟ್ಟುವಾಗ ಹೇಳಿದವರೂ ಅವರೇ. ಆ ಸಂಪು ಸೋರುತ್ತಿತ್ತು. ಬಿರುಕು ಬಿಟ್ಟದ್ದು ಸರಿಯಾಗಿ ಅದರ ಮೇಲಿನ ಮೂಲೆ. ಒಂದು ಕಡೆ ಸದಾ ತೇವ, ಇನ್ನೊಂದು ಕಡೆ ಒಣ ನೆಲ. ಮನೆಯ ಒಂದು ಮೂಲೆ ಎದ್ದು ಇನ್ನೊಂದು ನಿಂತಲ್ಲೇ ನಿಂತರೆ ಗೋಡೆ ಬಿರಿಯದೆ ಏನು ಮಾಡೀತು? ನನ್ನ ತಪ್ಪನ್ನೂ ಮುಚ್ಚಿಡುವುದಿಲ್ಲ. ಅದೇ ಗೋಡೆಯ ಬುಡಕ್ಕೆ ಬಾಳೆ, ಕರಿಬೇವು ಹಚ್ಚಿ ದಿನಾ ಎರಡು ಕೊಡ ನೀರು ಹನಿಸುತ್ತಿದ್ದವಳು ನಾನು. ಕಾಲ್ಗುಣ ಹುಡುಕುವುದೇ ಆದರೆ ನನ್ನ ಕಾಲಿನಿಂದ ಶುರುಮಾಡಬೇಕಿತ್ತು.

ಸೂಕ್ಷ್ಮದರ್ಶಕದ ಮೂರು ಗಾಜಿನ ಪಟ್ಟಿಗಳನ್ನು ಶಾಲೆಯಿಂದ ತಂದು 2020ರ ಜನವರಿಯಲ್ಲಿ ಬಿರುಕಿಗೆ ಅಡ್ಡವಾಗಿ ಅಂಟಿಸಿದೆವು. ಅಕ್ಕಪಕ್ಕ ಪೆನ್ಸಿಲಿನಿಂದ ಗುರುತು, ತಾರೀಖು. ಗೋಡೆ ಚಲಿಸುತ್ತಿದ್ದರೆ ಗಾಜು ಒಡೆಯುತ್ತದೆ, ಬರೀ ಪ್ಲಾಸ್ಟರಿನ ಸೀಳಾದರೆ ಹಾಗೇ ಇರುತ್ತದೆ. ಕೊರೋನಾ ಬಂದು ಶಾಲೆ ಮುಚ್ಚಿತು. ಏಪ್ರಿಲ್‌ನಲ್ಲಿ ಎರಡು ಪಟ್ಟಿ ಒಡೆದವು. ಗುರುತು ಅಳೆದು ವಹಿಯಲ್ಲಿ ಬರೆಯುವ ಕೆಲಸವನ್ನು ಸೊಸೆಗೆ ಒಪ್ಪಿಸಿದೆ. ಬೇಕೆಂದೇ ಒಪ್ಪಿಸಿದೆ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕಿರಿದಾದದ್ದನ್ನು ಮಿಲಿಮೀಟರಿನ ಲೆಕ್ಕದಲ್ಲಿ ಬರೆದಳು. ಮುಂದಿನ ಸಲ ನಾದಿನಿ ಬಂದಾಗ ಆ ವಹಿ ತಂದು ತೋರಿಸಿದವಳೂ ಅವಳೇ. ನಾದಿನಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು, ಏನೂ ಅನ್ನಲಿಲ್ಲ.

ರಿಪೇರಿಯ ಮಾತು ಚಿಕ್ಕದು. ಸಂಪಿನ ಸೋರಿಕೆ ನಿಲ್ಲಿಸಿದೆವು, ಗಿಡಗಳನ್ನು ಕಂಪೌಂಡಿನ ಕಡೆ ಸರಿಸಿದೆವು, ಮನೆಯ ಸುತ್ತ ನಾಲ್ಕಡಿ ಅಗಲ ಇಳಿಜಾರಾಗಿ ಕಾಂಕ್ರೀಟು ಹಾಸಿ ನೀರು ಗಟಾರಕ್ಕೆ ಹೋಗುವಂತೆ ಮಾಡಿಸಿದೆವು. ಒಂದು ಮಳೆಗಾಲ, ಒಂದು ಬೇಸಿಗೆ ಕಾದು, ಆಮೇಲೆ ಬಿರುಕಿಗೆ ಅಡ್ಡ ಕಬ್ಬಿಣದ ಸರಳು ಕೂಡಿಸಿ ಹೊಲಿಸಿದೆವು. ಪುಟ್ಟಿ ಎಲ್ಲಕ್ಕಿಂತ ಕೊನೆಗೆ.

ಗುತ್ತಿಗೆದಾರರಿಗೆ ನೋಟಿಸು ಕಳಿಸುತ್ತೇನೆಂದಾಗ ಯಜಮಾನರು, "ಊರಾಗಿನ ಮಂದಿ, ದಿನಾ ಮಾರಿ ನೋಡೂದು" ಎಂದು ತಡೆದರು. ಮನೆ ಕಟ್ಟಿಕೊಡುವುದೂ ಸೇವೆಯೇ ಎಂದು ಗ್ರಾಹಕ ಕಾಯ್ದೆಗೆ 1993ರಲ್ಲೇ ಸೇರಿಸಿದ್ದಾರೆ. 2020ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯಲ್ಲೂ ಅದು ಉಂಟು. ಎರಡು ವರ್ಷದೊಳಗೆ ದೂರು ಕೊಡಬೇಕು. ಕಟ್ಟಿದ ಮನೆ ಮಾರುವ ಬಿಲ್ಡರುಗಳಿಗೆ 2016ರ ರೇರಾ ಕಾಯ್ದೆ ಐದು ವರ್ಷದ ಹೊಣೆ ಹೊರಿಸಿದೆ. ನಮ್ಮ ಹಾಗೆ ಸ್ವಂತ ನಿವೇಶನದಲ್ಲಿ ಗುತ್ತಿಗೆ ಕೊಟ್ಟವರಿಗೆ ಆ ಆಸರೆಯಿಲ್ಲ. ಇರುವುದು ಕರಾರು ಪತ್ರ. ನಮ್ಮ ಕರಾರು ಮಗಳ ಮದುವೆಯ ಹಳೇ ಲಗ್ನಪತ್ರಿಕೆಯ ಹಿಂಬದಿಯಲ್ಲಿತ್ತು. ಚದರಡಿಯ ದರ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ರಿಜಿಸ್ಟರ್ ಪೋಸ್ಟಿನಲ್ಲಿ ನೋಟಿಸು ಕಳಿಸಿದೆ. ಗುತ್ತಿಗೆದಾರರು ಬಂದು, ಸುತ್ತಲಿನ ಕಾಂಕ್ರೀಟಿನ ಅರ್ಧ ಖರ್ಚು ಕೊಟ್ಟರು. ಅಂದು ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

ಈ ಫೆಬ್ರವರಿಯಲ್ಲಿ ಎದುರಿನ ನಿವೇಶನದಲ್ಲಿ ಪಾಯ ತೆಗೆದರು. ಯಜಮಾನರೂ ಗೌಂಡಿಯೂ ನಕಾಶೆ ಹಿಡಿದು ಮಾತಾಡುತ್ತಿದ್ದರು. ಆ ಮನೆಯಾಕೆ ದೂರ ಬೇವಿನ ನೆರಳಿನಲ್ಲಿ ಟೈಲ್ಸಿನ ಪುಸ್ತಕ ತಿರುವುತ್ತ ಕೂತಿದ್ದಳು. ನಾನು ಟೇಪು ತೆಗೆದುಕೊಂಡು ಹೋದೆ. ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, "ಬಾರವ್ವ, ಸ್ವಲ್ಪ ಹಿಡಿ" ಅಂದೆ. ಗೌಂಡಿ ಮಾತು ನಿಲ್ಲಿಸಿ ನಮ್ಮ ಕಡೆ ನೋಡಿದ. ಅವಳೇ ಬಗ್ಗಿ ಓದಿದಳು. ಮೂರಡಿ ಎರಡಿಂಚು.