ಶಿಕಾಗೊ ಬಾನುಲಿ: ದನಿ ಕ್ರೈಸ್ತರದ್ದು, ಊರು ಯಾರದ್ದು?

2018ರ ಮಾರ್ಚ್ 10ರಂದು ಅಮೆರಿಕದ ಶಿಕಾಗೊ ನಗರದ ಒಂದು ಬಾನುಲಿ ಕೇಂದ್ರದ ದನಿ ಬದಲಾಯಿತು. 97.9 ಎಫ್.ಎಂ.ನಲ್ಲಿ ನಾಲ್ಕು ದಶಕಗಳಿಂದ ರಾಕ್ ಸಂಗೀತ ಹಾಗೂ ಹರಟೆಗೆ ಹೆಸರಾಗಿದ್ದ 'ದಿ ಲೂಪ್' ನಿಂತುಹೋಯಿತು. ಅದೇ ಜಾಗದಲ್ಲಿ 'ಕೆ-ಲವ್' ಎಂಬ ಕ್ರೈಸ್ತ ಸಂಗೀತ ವಾಹಿನಿ ಆರಂಭವಾಯಿತು. ಆಗ ಕ್ಯಾಲಿಫೋರ್ನಿಯಾದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಎಜುಕೇಷನಲ್ ಮೀಡಿಯಾ ಫೌಂಡೇಶನ್ ಇದನ್ನು 2.15 ಕೋಟಿ ಡಾಲರಿಗೆ ಖರೀದಿಸಿತ್ತು. ಮರುವರ್ಷ ನ್ಯೂಯಾರ್ಕಿನ ಹೆಸರಾಂತ ಕೇಂದ್ರವೂ ಸೇರಿದಂತೆ ಆರು ಕೇಂದ್ರಗಳನ್ನು ಅದು 10.35 ಕೋಟಿ ಡಾಲರಿಗೆ ಕೊಂಡುಕೊಂಡಿತು.

ದೊಡ್ಡ ನಗರದಲ್ಲಿ ದೇವರ ಸ್ತುತಿಗೀತೆ ಹಗಲಿರುಳು ಕೇಳಿಸುವುದು ಸಂತೋಷದ ವಿಷಯವಲ್ಲವೇ? ಹೌದು. ಆದರೆ ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ನಾವು ತಿಳಿದುಕೊಳ್ಳಬೇಕು.

ಮೊದಲನೆಯ ಕಾರಣ ಹಣ. ಅಂತರ್ಜಾಲ ಬಂದ ಮೇಲೆ ಜಾಹೀರಾತನ್ನೇ ನಂಬಿದ್ದ ವಾಣಿಜ್ಯ ಬಾನುಲಿಗಳ ಆದಾಯ ಕುಸಿಯಿತು, ಸಾಲ ಬೆಳೆಯಿತು. ಕೆ-ಲವ್ ನಡೆಸುವುದು ಲಾಭರಹಿತ ಸಂಸ್ಥೆ. ಅದು ಕೇಳುಗರ ಕಾಣಿಕೆಯಿಂದ ನಡೆಯುತ್ತದೆ. ಎರಡನೆಯ ಕಾರಣ ಕಾನೂನು. ಒಂದು ಕಂಪನಿ ದೇಶದಾದ್ಯಂತ ಇಷ್ಟೇ ಬಾನುಲಿ ಕೇಂದ್ರಗಳನ್ನು ಹೊಂದಬಹುದು ಎಂಬ ಮಿತಿಯನ್ನು 1996ರ ಕಾಯ್ದೆ ತೆಗೆದುಹಾಕಿತು. ಪ್ರಸಾರದ ಊರಿನಲ್ಲಿ ಅಥವಾ ಅದರ ಹತ್ತಿರ ಮುಖ್ಯ ಸ್ಟುಡಿಯೊ ಇರಲೇಬೇಕೆಂಬ ನಿಯಮವನ್ನು 2017ರಲ್ಲಿ ಕೈಬಿಡಲಾಯಿತು. ಹೀಗಾಗಿ ಒಂದೇ ಕಡೆ ತಯಾರಾದ ಕಾರ್ಯಕ್ರಮ ಉಪಗ್ರಹದ ಮೂಲಕ ನೂರಾರು ಊರುಗಳಿಗೆ ತಲುಪುತ್ತದೆ.

ಇದೇ ಶಿಕಾಗೊದಲ್ಲಿ 1926ರ ಜುಲೈಯಲ್ಲಿ ಮೂಡಿ ಬೈಬಲ್ ಇನ್‌ಸ್ಟಿಟ್ಯೂಟ್ ಎಂಬ ಪ್ರೊಟೆಸ್ಟಂಟ್ ಶಾಲೆ ತನ್ನ ಡಬ್ಲ್ಯು.ಎಂ.ಬಿ.ಐ. ಕೇಂದ್ರವನ್ನು ತೆರೆದಿತ್ತು. ಶಾಲೆಯೂ ಮೈಕೂ ಕೇಳುಗರೂ ಒಂದೇ ನಗರದಲ್ಲಿದ್ದ ಕಾಲವದು. ಇಂದು ಜಾಲವೇ ದೊಡ್ಡದು, ಊರು ಚಿಕ್ಕದು. ಇದು ಪ್ರೊಟೆಸ್ಟಂಟರ ಕಥೆ ಮಾತ್ರವಲ್ಲ. 2000ದಲ್ಲಿ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದ ಕಥೋಲಿಕ 'ರೆಲವೆಂಟ್ ರೇಡಿಯೊ' ಕೂಡ ಹಾಗೆಯೇ ರಾಷ್ಟ್ರವ್ಯಾಪಿ ಜಾಲವಾಗಿ ಬೆಳೆದು ಶಿಕಾಗೊದಲ್ಲಿ ಕೇಳಿಸುತ್ತಿದೆ.

ಊರಿನ ದನಿ ಇಲ್ಲದಿದ್ದರೆ ನಷ್ಟವೇನು? 2002ರ ಜನವರಿ 18ರ ನಸುಕಿನಲ್ಲಿ ನಾರ್ತ್ ಡಕೋಟದ ಮೈನಾಟ್ ಪಟ್ಟಣದ ಬಳಿ ರೈಲು ಹಳಿ ತಪ್ಪಿ ಅಮೋನಿಯಾ ಅನಿಲ ಸೋರಿತು. ಒಬ್ಬರು ಸತ್ತರು, ನೂರಾರು ಜನ ಅಸ್ವಸ್ಥರಾದರು. ಅಲ್ಲಿನ ಆರು ವಾಣಿಜ್ಯ ಕೇಂದ್ರಗಳೂ ಒಂದೇ ಕಂಪನಿಯ ಕೈಯಲ್ಲಿದ್ದವು. ಪೊಲೀಸರು ಕರೆ ಮಾಡಿದಾಗ ಬಾನುಲಿಯಲ್ಲಿ ಯಾರೂ ಸಿಗಲಿಲ್ಲ ಎಂಬ ದೂರು ಬಂತು. ಪೊಲೀಸರೇ ತುರ್ತು ಎಚ್ಚರಿಕೆ ವ್ಯವಸ್ಥೆಯನ್ನು ಸರಿಯಾಗಿ ಬಳಸಲಿಲ್ಲ ಎಂದು ಕಂಪನಿ ಹೇಳಿತು. ತಪ್ಪು ಯಾರದೇ ಇರಲಿ, ಆ ರಾತ್ರಿ ಜನರಿಗೆ ಬೇಕಾಗಿದ್ದ ಮಾತು ಬಾನುಲಿಯಲ್ಲಿ ಬರಲಿಲ್ಲ.

ಜಾಲಗಳ ಸೇವೆಯನ್ನು ಹೀಗಳೆಯುವುದು ನ್ಯಾಯವಲ್ಲ. ಹಾಸಿಗೆ ಹಿಡಿದವರಿಗೆ, ರಾತ್ರಿಯಿಡೀ ಲಾರಿ ಓಡಿಸುವವರಿಗೆ ಒಂದು ಪ್ರಾರ್ಥನೆ, ಒಂದು ಹಾಡು ದೊಡ್ಡ ಸಾಂತ್ವನ. ಆದರೆ ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ದೂರದ ಸ್ಟುಡಿಯೊಗೆ ನಮ್ಮ ಬೀದಿಯ ಹೆಸರೇ ಗೊತ್ತಿರುವುದಿಲ್ಲ.

ನಮ್ಮ ದೇಶದಲ್ಲಿ ಧಾರ್ಮಿಕ ಸಂಸ್ಥೆಗಳಿಗೆ ಎಫ್.ಎಂ. ಪರವಾನಗಿ ಸಿಗುವುದಿಲ್ಲ. ಶಿಕ್ಷಣ ಸಂಸ್ಥೆಗಳಿಗೆ ಸಮುದಾಯ ಬಾನುಲಿ ನಡೆಸಲು ಅವಕಾಶವಿದೆ. ಮಂಗಳೂರಿನಲ್ಲಿ ಯೇಸುಸಭೆಯವರ ಸಂತ ಅಲೋಶಿಯಸ್ ಸಂಸ್ಥೆಯಲ್ಲಿ 2009ರಲ್ಲಿ ಆರಂಭವಾದ 107.8ರ 'ರೇಡಿಯೊ ಸಾರಂಗ್' ಕನ್ನಡ, ಕೊಂಕಣಿ, ತುಳು, ಬ್ಯಾರಿ ಭಾಷೆಗಳಲ್ಲಿ ಮಾತನಾಡುತ್ತದೆ. ಅದು ಧರ್ಮೋಪದೇಶ ಮಾಡುವುದಿಲ್ಲ, ನೆರೆಹೊರೆಯವರ ಮಾತನ್ನು ಕೇಳಿಸುತ್ತದೆ. ಅದೂ ಒಂದು ಸಾಕ್ಷ್ಯವೇ.

ಇಂದು ನಮ್ಮ ಅನೇಕ ಮನೆಗಳಲ್ಲಿ ಮೊಬೈಲಿನಲ್ಲಿ ಎಲ್ಲೆಲ್ಲಿಯ ಪ್ರವಚನಗಳನ್ನೋ ಕೇಳುತ್ತಾರೆ. ಕೇಳಲಿ, ಒಳ್ಳೆಯದೇ. ಆದರೆ ನಮ್ಮ ವಾಳೆಯಲ್ಲಿ ಯಾರು ಕಾಯಿಲೆ ಬಿದ್ದಿದ್ದಾರೆ, ಕಡಲಿಗೆ ಹೋದ ಯಾರ ದೋಣಿ ಇನ್ನೂ ಬಂದಿಲ್ಲ ಎಂಬುದನ್ನು ಆ ಪ್ರವಚನಕಾರರು ಹೇಳಲಾರರು. ಅದನ್ನು ಹೇಳಬೇಕಾದವರು ನಾವೇ: ಗುರಿಕಾರರು, ಧರ್ಮಭಗಿನಿಯರು, ಧರ್ಮಕೇಂದ್ರದ ಪತ್ರಿಕೆ ಹೊರತರುವ ಯುವಕರು. ದೊಡ್ಡ ದನಿಯನ್ನು ಹಣ ಕೊಟ್ಟು ಕೊಳ್ಳಬಹುದು. ಊರಿನ ದನಿಯನ್ನು ಊರಿನವರೇ ಉಳಿಸಿಕೊಳ್ಳಬೇಕು.