ದುಗ್ಧಗ್ರಂಥಿಗಳ ಕೋಶ ನಕ್ಷೆ: ಜಂಗಮಕೋಟೆ ಹೋಬಳಿಯ ಸಾರ್ವಜನಿಕರಿಗೆ ಮಾಹಿತಿ

ಮಾನವ ಶರೀರದ ಪ್ರತಿಯೊಂದು ಬಗೆಯ ಜೀವಕೋಶವನ್ನು ಗುರುತಿಸುವ ‘ಹ್ಯೂಮನ್ ಸೆಲ್ ಅಟ್ಲಾಸ್’ ಎಂಬ ಅಂತರರಾಷ್ಟ್ರೀಯ ಯೋಜನೆಯು 2016ರಲ್ಲಿ ಪ್ರಾರಂಭಗೊಂಡಿತು. ಕುತ್ತಿಗೆ, ಕಂಕುಳು ಹಾಗೂ ತೊಡೆಸಂದುಗಳಲ್ಲಿರುವ ದುಗ್ಧಗ್ರಂಥಿಗಳೂ ಇಂತಹ ಅಧ್ಯಯನಕ್ಕೆ ಒಳಪಟ್ಟಿವೆ. ಡಿ.ಎನ್.ಎ., ಆರ್.ಎನ್.ಎ. ಮತ್ತು ಪ್ರೋಟೀನ್‌ಗಳನ್ನು ಒಟ್ಟಾಗಿ ಪರಿಶೀಲಿಸುವ ಬಹು-ಓಮಿಕ್ಸ್ ವಿಧಾನದಿಂದ, ಆರೋಗ್ಯವಂತ ಗ್ರಂಥಿಯಲ್ಲಿ ಯಾವ ಕೋಶವು ಎಲ್ಲಿರುತ್ತದೆ, ಲಿಂಫೋಮಾ ಎಂಬ ಕ್ಯಾನ್ಸರಿನಲ್ಲಿ ಆ ವಿನ್ಯಾಸವು ಹೇಗೆ ಕೆಡುತ್ತದೆ ಎಂಬುದು ತಿಳಿದುಬರುತ್ತಿದೆ.

ಆದರೆ ಸದರಿ ನಕ್ಷೆಯು ಸಂಶೋಧನೆಯ ಸಾಧನವೇ ಹೊರತು ರೋಗ ನಿರ್ಣಯದ ಪರೀಕ್ಷೆಯಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯ ರೋಗಿಗಾಗಲಿ, ಬೆಂಗಳೂರಿನ ರೋಗಿಗಾಗಲಿ, ಲಿಂಫೋಮಾವನ್ನು ಖಚಿತಪಡಿಸುವುದು ಇಂದಿಗೂ ಬಯಾಪ್ಸಿಯೇ. ಊದಿಕೊಂಡ ಗ್ರಂಥಿಗಳಲ್ಲಿ ಹೆಚ್ಚಿನವು ಸೋಂಕಿನಿಂದ ಉಂಟಾದವು; ನಮ್ಮ ದೇಶದಲ್ಲಿ ಕ್ಷಯವೂ ಸಾಮಾನ್ಯ ಕಾರಣ. ಜ್ವರ, ರಾತ್ರಿ ಬೆವರು ಹಾಗೂ ತೂಕ ಇಳಿಕೆಯು ಕ್ಷಯ, ಲಿಂಫೋಮಾ ಎರಡರಲ್ಲೂ ಕಂಡುಬರುವುದರಿಂದ, ಗ್ರಂಥಿಯನ್ನು ಪರೀಕ್ಷಿಸದೆ ಕ್ಷಯದ ಔಷಧಿ ಆರಂಭಿಸಿದಲ್ಲಿ ಕ್ಯಾನ್ಸರಿನ ಪತ್ತೆಗೆ ತಿಂಗಳುಗಟ್ಟಲೆ ವಿಳಂಬವಾಗಬಹುದು.

ಆದ್ದರಿಂದ ಮೂರು ವಾರ ಕಳೆದರೂ ಕರಗದ ಗಂಟನ್ನು, ನೋವಿಲ್ಲದಿದ್ದರೂ ಸಹ, ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸತಕ್ಕದ್ದು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಅರ್ಹ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ಗಳವರೆಗೆ ಚಿಕಿತ್ಸಾ ಸೌಲಭ್ಯವಿದೆ. ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯುವುದು ಅವಶ್ಯ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂತಹ ಉನ್ನತ ಸಂಸ್ಥೆಗೆ ತೆರಳುವವರು ಬಯಾಪ್ಸಿಯ ವರದಿಯನ್ನೂ ಗಾಜುಪಟ್ಟಿಗಳನ್ನೂ ಜೊತೆಗೊಯ್ಯುವುದು ಸೂಕ್ತ.