ಆಟ ಬೇರೆ, ಜೂಜು ಬೇರೆ

ನಮ್ಮ ಕೊರಟಗೆರೆ ಕಡೆ ಮೊಬೈಲ್ ಅಡ್ಡ ಹಿಡಿದು ಕೂತ ಹುಡುಗರನ್ನು ಕಂಡರೆ ಹಿರಿಯರದು ಒಂದೇ ಮಾತು: ‘ಹಾಳಾಗಿ ಹೋಗ್ತೀಯ ನೋಡು’. ಆಡುತ್ತಿರುವುದು ಬಿಜಿಎಂಐ ಇರಲಿ, ದುಡ್ಡಿನ ರಮ್ಮಿ ಇರಲಿ, ಬೈಗುಳ ಅದೇ. ಆದರೆ ಎರಡೂ ಒಂದೇ ಅಲ್ಲ.

ಬಿಜಿಎಂಐನಲ್ಲಿ ಸೋತರೆ ಅರ್ಧ ಗಂಟೆ ಹೋಗುತ್ತದೆ. ಯುಸಿ ಕೊಳ್ಳದಿದ್ದರೆ ಪೈಸೆಯೂ ಹೋಗದು. ರಮ್ಮಿಯಲ್ಲಿ ಸೆಮಿಸ್ಟರ್ ಫೀಸೇ ಹೋಗಬಹುದು. ಹೋದದ್ದನ್ನು ಗೆಲ್ಲಲು ಮತ್ತಷ್ಟು ಹಾಕುವುದರಲ್ಲೇ ಚಟ ಹತ್ತುವುದು.

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಮ್ಮ ರಾಜ್ಯ 2021ರಲ್ಲೇ ನಿಷೇಧಿಸಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ಕಾಯ್ದೆಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ತಂದಿತು: ದುಡ್ಡಿನ ಆಟಕ್ಕೆ ನಿಷೇಧ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ. ಶಿಕ್ಷೆ ಆಡಿಸುವವರಿಗೆ, ಜಾಹೀರಾತು ಕೊಡುವವರಿಗೆ; ಆಡಿದವರಿಗಲ್ಲ.

ಕಾಯ್ದೆ ಮಾಡಿದ ಈ ವ್ಯತ್ಯಾಸವನ್ನು ಮನೆಯವರೂ ಮಾಡಲಿ. ಎಲ್ಲ ಆಟಕ್ಕೂ ಒಂದೇ ಬೈಗುಳ ಬಿದ್ದರೆ, ದುಡ್ಡು ಕಳೆದುಕೊಂಡವನು ಬಾಯಿ ಬಿಡುವುದಾದರೂ ಯಾರ ಹತ್ತಿರ? ‘ಯಾವ ಆಟ ಕಣೋ, ದುಡ್ಡೇನಾದ್ರೂ ಕಟ್ಟಿದ್ದೀಯಾ?’ ಎಂದು ಅಪ್ಪ ಮೆಲ್ಲಗೆ ಕೇಳಲಿ. ಸ್ನೇಹಿತ ಪದೇ ಪದೇ ಸಾಲ ಕೇಳತೊಡಗಿದರೆ ಆ ಪ್ರಶ್ನೆ ನಾವೂ ಕೇಳೋಣ.